‘ಕೆಡವಿ ಕಟ್ಟಿದ್ರ ಸೋವಿ ಆಗ್ತಿತ್ತಲ್ಲೋ?’

ಗುಳೇದಗುಡ್ಡದ ನಮ್ಮ ಮನೆ ನೋಡಲು ಬಂದವರು ಮೊದಲು ತಲೆಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಾರೆ. ಆಮೇಲೆ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಕಪ್ಪು ಕೆಳಗಿಟ್ಟ ಕೂಡಲೇ ಪ್ರಶ್ನೆ: ‘ಇಷ್ಟು ರೊಕ್ಕಾ ಸುರಿಯೂದಕ್ಕಿಂತ ಕೆಡವಿ ಕಟ್ಟಿದ್ರ ಸೋವಿ ಆಗ್ತಿತ್ತಲ್ಲೋ?’ ಸೋದರಮಾವ ಕೇಳಿದ್ದಾನೆ, ಸಾಲ ಕೊಟ್ಟ ಬ್ಯಾಂಕಿನವರು ಕೇಳಿದ್ದಾರೆ, ಕರೆಂಟಿನ ಮೀಟರು ನೋಡಲು ಬಂದ ಹುಡುಗನೂ ಕೇಳಿದ್ದಾನೆ.

ಆಗುತ್ತಿತ್ತು. ಹೊಸ ಆರ್‌ಸಿಸಿ ಮನೆಗೆ ಹಾಕಿಸಿದ್ದ ಅಂದಾಜಿನ ಒಂದೂವರೆ ಪಟ್ಟು ಖರ್ಚಾಗಿದೆ. ಎಂಟು ತಿಂಗಳು ಅಂದ ಕೆಲಸ ಎರಡು ವರ್ಷ ಎಳೆದಿದೆ. ಹಳೆ ಮನೆಯ ರಿಪೇರಿ ಅಗ್ಗ ಅನ್ನುವವರು ಇನ್ನೂ ಮಾಡಿಸಿ ನೋಡಿಲ್ಲ ಅಂತಲೇ ಲೆಕ್ಕ.

ಅಜ್ಜನ ನೆನಪು, ಮನೆತನದ ಮರ್ಯಾದೆ ಅಂತೇನಾದರೂ ಹೇಳಿಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ನಾನೂ ಕೆಡವುವ ಲೆಕ್ಕದಲ್ಲೇ ಇದ್ದೆ, ಜೆಸಿಬಿಯವನಿಗೆ ಮುಂಗಡ ಕೊಟ್ಟೂ ಆಗಿತ್ತು. ಮನಸ್ಸು ತಿರುಗಿಸಿದ್ದು ಒಬ್ಬ ಮುದುಕ ಗೌಂಡಿ. ಮಾಳಿಗೆ ಹತ್ತಿದವನು ಬೆಳಕಿಂಡಿಯ ಪಕ್ಕ ಹಾರೆ ಇಳಿಸಿ ಮಣ್ಣಿನ ದಪ್ಪ ಅಳೆದ. ಇಪ್ಪತ್ತೆರಡು ಇಂಚು! ‘ಮನಿ ಮುಪ್ಪಾಗಿಲ್ಲರೀ ಸರ, ಹೊರಿ ಹೆಚ್ಚಾಗೇತಿ’ ಅಂದ.

ಮಣ್ಣಿನ ಮಾಳಿಗೆ ಗೊತ್ತಿಲ್ಲದವರಿಗೆ ಹೇಳಬೇಕು. ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ತುಂಡು, ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರಬಾರದೆಂದು ಒಂದು ಪದರ ಹೊಸ ಮಣ್ಣು ಹಾಕುವುದು ರೂಢಿ. ಹಾಕುವುದು ಎಲ್ಲರಿಗೂ ನೆನಪಿರುತ್ತದೆ, ಹಳೆಯದನ್ನು ಕೆರೆದು ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಹತ್ತು ಅಡಿಗೆ ಹತ್ತು ಅಡಿಯ ಕೋಣೆಯ ಮೇಲೆ ಇಪ್ಪತ್ತೆರಡು ಇಂಚು ಮಣ್ಣೆಂದರೆ ಒಣಗಿದ್ದಾಗಲೇ ಎಂಟು ಟನ್ನು. ನೀರು ಕುಡಿದರೆ ಇನ್ನೂ ಜಾಸ್ತಿ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದವರೆಗೂ ಬಿಡದೆ ಸುರಿದಾಗ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂಥ ಮಾಳಿಗೆಗಳು ಸಾಲುಸಾಲಾಗಿ ಕುಸಿದದ್ದು ನಮ್ಮ ಕಡೆಯ ಎಲ್ಲರಿಗೂ ನೆನಪಿದೆ. ನಮ್ಮಲ್ಲಿ ಒಂದು ತೊಲೆ ಬಿರುಕು ಬಿಟ್ಟಿತು. ಅದರ ಕೆಳಗೆ ಜಾಲಿಯ ಗೂಟ ಕೊಟ್ಟು ಹತ್ತು ವರ್ಷ ಅದರ ಸುತ್ತಲೇ ಓಡಾಡಿದೆವು.

ಮಣ್ಣು ಇಳಿಸಲು ಹದಿನೇಳು ದಿನ ಹಿಡಿಯಿತು. ಕೊರೆದ ಬದಿಯಲ್ಲಿ ಪದರಗಳು ಕಾಣುತ್ತಿದ್ದವು. ಒಂದು ಕೆಂಪು, ಒಂದು ಬೂದಿ ಬಣ್ಣ, ನಡುವೆ ಒಂದು ಕಡೆ ಹೊಟ್ಟು ಬೆರೆತದ್ದು, ಒಂದು ಕಡೆ ಗಾಜಿನ ಬಳೆಯ ಚೂರು. ಕೊನೆಗೆ ಎಂಟು ಇಂಚು ಉಳಿಸಿಕೊಂಡು, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಚ್ಚು ಬಡಿಸಿ, ನೀರು ಹರಿಯುವ ಹಾಗೆ ಇಳಿಜಾರು ಕೊಟ್ಟೆವು. ಬಿರುಕು ಬಿಟ್ಟ ತೊಲೆ ಒಂದನ್ನೇ ಬದಲಾಯಿಸಿದ್ದು. ಹೊರೆ ಇಳಿದ ಮೇಲೆ ಉಳಿದವು ಗಟ್ಟಿಯಾಗೇ ಇದ್ದವು.

ಅಲ್ಲಿಂದ ಮುಂದಿನ ಕೆಲಸದ ಬಹುಪಾಲು ಹೀಗೇ ನಡೆಯಿತು: ಒಳ್ಳೆಯದಾಗಲಿ ಅಂತ ಹಿಂದೆ ನಾವೇ ಮಾಡಿದ್ದನ್ನು ರೊಕ್ಕ ಕೊಟ್ಟು ತೆಗೆಸುವುದು.

ಅಪ್ಪ ತೊಂಬತ್ತರ ದಶಕದಲ್ಲಿ ಗೋಡೆಗಳಿಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಆಯಿಲ್ ಪೇಂಟ್ ಬಳಿಸಿದ್ದರು. ಊರಿಗೇ ಮೊದಲು ಅಂತ ಹೆಮ್ಮೆ ಬೇರೆ. ನಮ್ಮ ಗೋಡೆ ಎರಡೂವರೆ ಅಡಿ ದಪ್ಪದ ಮರಳುಗಲ್ಲಿನದು, ನಡುವೆ ಮಣ್ಣಿನ ಗಾರೆ. ಅದು ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಿಲಾವಾದರೆ ಹೀರಿದ್ದು ಆರಿಹೋಗುತ್ತದೆ. ಸಿಮೆಂಟ್ ದಾರಿ ಮುಚ್ಚಿತು, ತೇವ ಮೇಲಕ್ಕೇರುತ್ತ ಎದೆಮಟ್ಟಕ್ಕೆ ಬಂತು, ಒಳಗಿನ ಉಪ್ಪು ಹೊರಕ್ಕೆ ಒತ್ತಿ ಪ್ಲಾಸ್ಟರು ಹಪ್ಪಳದಂತೆ ಉಬ್ಬಿತು. ಉದುರಿದಾಗಲೆಲ್ಲ ಮತ್ತೆ ಸಿಮೆಂಟ್ ಮೆತ್ತಿದೆವು.

ನಮ್ಮ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ, ಸುಣ್ಣದ ಕೆಲಸ ಬಲ್ಲವರಿಗೆ ಬರ. ಆ ಮುದುಕನೇ ಹಿತ್ತಿಲಲ್ಲಿ ಕುಣಿ ತೋಡಿ ಸುಣ್ಣ ಅರಳಿಸಿ, ಒಂದು ತಿಂಗಳು ನೀರಿನಡಿ ಬಿಟ್ಟು, ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು ಕೂಡಿಸಿ ಗಾರೆ ಮಾಡಿದ. ಇಷ್ಟು ತಡ ಯಾಕೆ, ಒಂದಿಷ್ಟು ಸಿಮೆಂಟ್ ಬೆರೆಸಿದರೆ ಏನಾಗುತ್ತದೆ ಅಂತ ನಾನು ಕೇಳಿದಾಗ ಅವನು ತಲೆ ಎತ್ತಲೂ ಇಲ್ಲ. ‘ಗೋಳಗುಮ್ಮಟಕ್ಕ ಒಂದ್ ಚೀಲಾನೂ ಸಿಮೆಂಟ್ ಹಾಕಿಲ್ಲರೀ.’ 1656ರ ಕಟ್ಟಡವನ್ನು ಎದುರಿಗಿಟ್ಟವನ ಮುಂದೆ ನನ್ನ ಮಾತು ಮುಗಿಯಿತು.

ಮೂರನೆಯದು ಗುಡ್ಡದ್ದು. ಮನೆಯ ಹಿಂದಿನ ಗೋಡೆ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿದೆ. ಕೆಸರಾಗಬಾರದೆಂದು ಒಬ್ಬ ಗುತ್ತಿಗೆದಾರನಿಂದ ಹಿತ್ತಿಲಿಗೆ ಕಾಂಕ್ರೀಟ್ ಹಾಕಿಸಿದ್ದೆವು. ಪುಣ್ಯಾತ್ಮ ಇಳಿಜಾರನ್ನು ಮನೆಯ ಕಡೆಗೇ ಕೊಟ್ಟಿದ್ದ! ಗುಡ್ಡದ ನೀರೆಲ್ಲ ನೆಟ್ಟಗೆ ಅಡಿಪಾಯಕ್ಕೆ. ಕಾಂಕ್ರೀಟ್ ಒಡೆಸಿ, ಗೋಡೆಯಿಂದ ಮೂರಡಿ ಬಿಟ್ಟು ಕಾಲುವೆ ತೋಡಿ, ತೂತಿನ ಪೈಪು ಇಟ್ಟು ಕಲ್ಲು ತುಂಬಿಸಿದೆವು. ನಿಮ್ಮ ಮನೆಯೂ ಇಳಿಜಾರಿನಲ್ಲಿದ್ದರೆ ಇದೊಂದು ಮಾತು ಕೇಳಿ: ಉದ್ದಕ್ಕೂ ಒಮ್ಮೆಲೇ ತೋಡಬೇಡಿ. ಐದಡಿ ತೋಡಿ, ತುಂಬಿ, ಆಮೇಲೆ ಮುಂದಿನ ಐದಡಿ. ಬುಡದ ಮಣ್ಣಿನ ಆಸರೆ ಒಮ್ಮೆಲೇ ತಪ್ಪಿದರೆ ಹಳೆ ಗೋಡೆ ವಾಲುತ್ತದೆ. ಗುಡ್ಡದ ಬದಿಗೆ ಕಟ್ಟುವ ಒಡ್ಡಿನಲ್ಲೂ ನೀರಿಗೆ ಕಿಂಡಿ ಬಿಡಬೇಕು.

ಐಷಾರಾಮದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ನೋಡಲು ಬಂದವರು ಫೋಟೋ ತೆಗೆಯುವುದು ಅದನ್ನೇ. ಮೂರು ಬಾತ್‌ರೂಮು, ವಾಷಿಂಗ್ ಮಷೀನು, ಮಾಡ್ಯುಲರ್ ಕಿಚನ್ ಎಲ್ಲವೂ ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ ಎದ್ದ ಹೊಸ ಭಾಗದಲ್ಲಿವೆ. ಹೊಸ ಆರ್‌ಸಿಸಿಗೂ ಹಳೆ ಗೋಡೆಗೂ ನಡುವೆ ಎರಡು ಇಂಚು ಸಂದು ಬಿಟ್ಟಿದೆ. ಹೊಸ ಕಟ್ಟಡ ತನ್ನ ಪಾಡಿಗೆ ಕೂರಲಿ, ಹಳೆಯದನ್ನು ಎಳೆಯದಿರಲಿ ಅಂತ. ಹಳೆ ಭಾಗದಲ್ಲಿ ನಳದ ಪೈಪಿಲ್ಲ, ವೈರು ತೊಲೆಯ ಪಕ್ಕದಲ್ಲಿ ಹೊರಗೇ ಓಡುತ್ತದೆ. ಎಸಿ ಒಂದೇ ಕೋಣೆಗೆ, ಅದೂ ಹೊಸ ಭಾಗದಲ್ಲಿ. ಏಪ್ರಿಲ್‌ನ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ದಾಟಿದಾಗ ಮನೆಯವರೆಲ್ಲ ಎಸಿ ಬಿಟ್ಟು ಪಡಸಾಲೆಗೆ ಬಂದು ಮಲಗುತ್ತಾರೆ. ಅಷ್ಟು ದಪ್ಪದ ಕಲ್ಲನ್ನು ದಾಟಿ ಬಿಸಿಲು ಒಳಗೆ ಬರುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ. ವೈಫೈ ಕೂಡ ಆ ಗೋಡೆ ದಾಟುವುದಿಲ್ಲ. ಅದಕ್ಕೆ ನಾಲ್ಕು ಕಡೆ ಡಬ್ಬಿ ಕೂರಿಸಬೇಕಾಯಿತು.

ಬಾದಾಮಿಯ ನೆಂಟರೊಬ್ಬರು ಇದನ್ನು ನೋಡಿ ತಾವೂ ಶುರು ಮಾಡುವ ಉಮೇದಿನಲ್ಲಿದ್ದರು. ಅವರ ಮನೆ ಸಂರಕ್ಷಿತ ಸ್ಮಾರಕದ ನೆರಳಲ್ಲೇ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲೂ ಅನುಮತಿ ಬೇಕು. ಗೌಂಡಿಗಿಂತ ಮೊದಲು ಅರ್ಜಿ.

ಮನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಮುಂಗೋಣೆಯ ಮಗ್ಗದ ಕುಣಿ. ಮುತ್ತಜ್ಜ ರವಿಕೆ ಖಣದ ನೇಕಾರ, ಆಮೇಲೆ ವ್ಯಾಪಾರಿ. ನೇಯುವವನು ನೆಲದ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಿದ್ದ. ನೆಲದ ತಂಪಿಗೆ ನೂಲು ಹರಿಯುವುದು ಕಡಿಮೆ. ಆರ್ಕಿಟೆಕ್ಟ್ ಅದನ್ನು ಮುಚ್ಚಿ ಟೈಲ್ಸ್ ಹಾಕೋಣ ಅಂದಿದ್ದರು. ಮಗ ಅದಕ್ಕೆ ಹಲಗೆಯ ಮೇಜು ಅಡ್ಡ ಇಟ್ಟು, ಕಾಲು ಇಳಿಬಿಟ್ಟು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಾನೆ. ಬೆನ್ನು ನೋವು ಹೋಯಿತು ಅನ್ನುತ್ತಾನೆ, ನನಗೆ ಅಷ್ಟು ನಂಬಿಕೆಯಿಲ್ಲ.

ಎಲ್ಲ ಸರಿಹೋಗಿದೆ ಅಂತಲೂ ಅಲ್ಲ. ದೇವರ ಮನೆಯ ಹಿಂದಿನ ಗೋಡೆಯಲ್ಲಿ ತೇವ ಇನ್ನೂ ಇದೆ. ಅವ್ವ ಪ್ರತಿ ಮಳೆಗಾಲ ಅದು ಎಲ್ಲಿಯವರೆಗೆ ಏರಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ವರ್ಷ ಬರೆಯುತ್ತಾಳೆ. ಈ ಸಲದ ಗೆರೆ ಹೋದ ಸಲದ್ದಕ್ಕಿಂತ ನಾಲ್ಕು ಬೆರಳು ಕೆಳಗಿದೆ.