ಎರಡು ಗ್ರಾಂ

ಇವತ್ತು ಚಟ್ನಿಪುಡಿ ಪ್ಯಾಕಿಂಗ್. ತೂಗಿ ಸೀಲ್ ಮಾಡುತ್ತಿದ್ದವನು ನಾನು ಕೆಲಸ ಕಲಿಸಿದವನು, ಬೌದ್ಧಿಕ ಅಂಗವೈಕಲ್ಯ ಇರುವವನು. ಆಟೋದವರು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದರು.

ತಕ್ಕಡಿ 248 ತೋರಿಸಿತು. "ಪರವಾಗಿಲ್ಲ, ಸೀಲ್ ಮಾಡು" ಎಂದೆ.

ಅವನು ಮಾಡಲಿಲ್ಲ. ತಕ್ಕಡಿಗೆ ಅಂಟಿಸಿದ ಚೀಟಿಯನ್ನು ತೋರಿಸಿದ. 250. ನನ್ನದೇ ಕೈಬರಹ, ಕೆಂಪು ಸ್ಕೆಚ್ ಪೆನ್ನು.

(ಅವನಿಗೆ 31 ವರ್ಷ. ಆದರೂ ನನ್ನ ಬಾಯಿಗೆ ಏಕವಚನವೇ ಬರುತ್ತದೆ. ಬಿಡಬೇಕು ಈ ಚಾಳಿಯನ್ನು.)

ಈ ಕೆಲಸವನ್ನು ಕಲಿಸಿದ್ದು ಹಿಂದಿನಿಂದ ಮುಂದಕ್ಕೆ. ಮೊದಲು ಸೀಲ್ ಮಾಡುವುದು ಮಾತ್ರ, ಉಳಿದದ್ದೆಲ್ಲ ನಾನೇ ಮಾಡಿಕೊಡುತ್ತಿದ್ದೆ. ಕೊನೆಯ ಹಂತ ಮೊದಲು ಕೈಗೆ ಬಂದರೆ, ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಆಮೇಲೆ ತೂಕ. ತೂಕಕ್ಕೇ ಮೂರು ವಾರ ಹಿಡಿಯಿತು.

ಚಮಚದ ತುದಿಯಲ್ಲಿ ಪುಡಿ ತೆಗೆದುಕೊಂಡು, ತೋರುಬೆರಳಿನಿಂದ ತಟ್ಟಿ ತಟ್ಟಿ ಉದುರಿಸಿದ. 249. ಇನ್ನೊಂದು ತಟ್ಟು. 251. ನಾನು ನಿಟ್ಟುಸಿರು ಬಿಟ್ಟೆ. ಅವನು ಒಂದು ಚಿಟಿಕೆ ವಾಪಸ್ ತೆಗೆದ.

ಹೊರಗೆ ಮತ್ತೆ ಹಾರ್ನ್.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಸರ್ಕಾರಿ ಹುದ್ದೆಗಳ ಮೀಸಲಾತಿಯಲ್ಲಿ ಪಾಲು ಕೊಟ್ಟಿದೆ. ಒಳ್ಳೆಯದೇ. ಆದರೆ ಒಳಗೆ ಹೋದ ಮೇಲೆ "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎನ್ನುವವರೇ ಸಿಗುತ್ತಾರಲ್ಲ, ನನ್ನಂಥವರು? ಈಗ "ಪರವಾಗಿಲ್ಲ" ಎನ್ನುವುದನ್ನೂ ಇವನಿಗೆ ಕಲಿಸಬೇಕೇ? ಅದನ್ನು ಎಷ್ಟು ಹಂತಗಳಾಗಿ ಒಡೆಯುವುದು? ಯಾವ ಹಂತ ಕೊನೆಯದು?

250. ಸೀಲ್ ಒತ್ತಿದ. ಮುಂದಿನ ಕವರ್ ತೆಗೆದುಕೊಂಡ.

ಬಾಕಿ ಇದ್ದದ್ದು 18 ಪ್ಯಾಕೆಟ್. ಆಟೋದವರಿಗೆ ಚಹಾ ಕೊಡಿಸಲು ನಾನೇ ಹೋದೆ.