ತಾಜ್ ಅಲ್ಲ, ಸಿಎಸ್‌ಟಿ ಬಗ್ಗೆ ಕೇಳಿ

2025ರ ಏಪ್ರಿಲ್‌ನಲ್ಲಿ, 2008ರ ಮುಂಬೈ ಉಗ್ರರ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ಕರೆತಂದಾಗ ಬೆಟಗೇರಿಯ ನಮ್ಮ ಓಣಿಯ ಟೀವಿಗಳಲ್ಲೆಲ್ಲ ಮತ್ತೆ ಅದೇ ಚಿತ್ರ. ತಾಜ್ ಹೋಟೆಲಿನ ಗುಮ್ಮಟ, ಹೊಗೆ. ಎದುರು ಮನೆಯ ಅಕ್ಕ ಕೇಳಿದರು, "ನೀವು ಆಗ ಮುಂಬೈದಾಗ ಇದ್ರಲ್ರೀ? ತಾಜ್ ಸುಡೂದು ನೋಡಿದ್ರೇನ್ರೀ?"

ನೋಡಿಲ್ಲ. ಆ ರಾತ್ರಿ ನಾನಿದ್ದದ್ದು ಸಿಎಸ್‌ಟಿ, ಅಂದರೆ ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್ ರೈಲ್ವೆ ಸ್ಟೇಷನ್ನಿನಲ್ಲಿ. ಹಾಗಂದರೆ ಎಷ್ಟೋ ಜನ ಸುಮ್ಮನೆ ಮುಖ ನೋಡುತ್ತಾರೆ. ಅಲ್ಲೂ ಗುಂಡು ಹಾರಿತ್ತು ಅನ್ನೋದೇ ಅವರಿಗೆ ನೆನಪಿಲ್ಲ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಮದುವೆಯಾಗಿ ಡೊಂಬಿವಲಿಗೆ ಹೋದವಳು ನಾನು. ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. 2008ರ ನವೆಂಬರ್ 26, ಬುಧವಾರ. ಲೆಕ್ಕ ತಾಳೆಯಾಗದೆ ತಡವಾಗಿತ್ತು. ಕಟಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮ್ಯಾಚ್ ಇತ್ತು. ಹತ್ತು ಗಂಟೆ ಹತ್ತಿರ ಬಂದಿರಬೇಕು, ಲೋಕಲ್ಲಿಗೆ ಕಾಯುತ್ತಾ ನಿಂತಾಗ ಪಟಪಟ ಸದ್ದು ಕೇಳಿತು. ಗೆದ್ದರು, ಪಟಾಕಿ ಹೊಡೀತಿದ್ದಾರೆ ಅಂತ ಪಕ್ಕದವರು ನಕ್ಕರು. ಆಮೇಲೆ ಜನ ಚಪ್ಪಲಿ ಬಿಟ್ಟು ಓಡಿಬರುವುದು ಕಾಣಿಸಿತು.

ಆಗ ಮೈಕಿನಲ್ಲಿ ದನಿ ಬಂತು. ಗಾಡಿ ಎಷ್ಟು ಲೇಟು, ಯಾವ ಪ್ಲಾಟ್‌ಫಾರ್ಮು ಅಂತ ದಿನಾ ಹೇಳುತ್ತಿದ್ದ ಸ್ಟೇಷನ್ನಿನ ಮೈಕು ಅದು. ಆ ರಾತ್ರಿ ಹಿಂದಿಯಲ್ಲಿ, ಮರಾಠಿಯಲ್ಲಿ ಮತ್ತೆ ಮತ್ತೆ ಒಂದೇ ಮಾತು: ಯಾರೂ ಮೇನ್ ಲೈನ್ (ದೂರದ ಗಾಡಿಗಳು ನಿಲ್ಲುವ) ಕಡೆ ಹೋಗಬೇಡಿ, ಒಂದನೇ ಪ್ಲಾಟ್‌ಫಾರ್ಮಿನ ಹಿಂದಿನ ಗೇಟಿನಿಂದ ಹೊರಗೆ ಹೋಗಿ. ನಾವು ಹೋದೆವು. ಆ ದನಿಯ ಹೆಸರು ವಿಷ್ಣು ಝೆಂಡೆ ಅಂತ ಆಮೇಲೆ ಪೇಪರಿನಿಂದ ತಿಳಿಯಿತು. ಅವರ ಕೋಣೆಯ ಗಾಜಿಗೂ ಗುಂಡು ಬಿದ್ದಿತ್ತು. ನಾನು ಇವತ್ತು ಕೂತು ಬರೆಯುತ್ತಿರುವುದು ಅವರು ಅಲ್ಲಿಂದ ಎದ್ದು ಹೋಗದೆ ಇದ್ದದ್ದಕ್ಕೆ.

ಮಸ್ಜಿದ್ ಬಂದರ್ ಕಡೆ ನಡೆದವರಲ್ಲಿ ನಾನೂ ಒಬ್ಬಳು. ದಾರಿಯಲ್ಲಿ ಒಂದು ಉಡುಪಿ ಹೋಟೆಲಿನವರು ಅರ್ಧ ಶಟರ್ ಎತ್ತಿ ಹೆಂಗಸರನ್ನು ಮಕ್ಕಳನ್ನು ಒಳಗೆ ಕರೆದುಕೊಂಡರು. ಮಾಲೀಕರು ಕುಂದಾಪುರ ಕಡೆಯವರು. ನನ್ನ ಮಾತಿನಲ್ಲೇ ಊರು ಗೊತ್ತಾಗಿ, "ಗದಗಿನವರಾ? ಕೂತ್ಕೊಳ್ಳಿ" ಅಂದರು. ಮೊಬೈಲು ಹತ್ತುತ್ತಲೇ ಇರಲಿಲ್ಲ. ಅವರ ಲ್ಯಾಂಡ್‌ಲೈನಿನಿಂದ ಮೊದಲು ಮನೆಯವರಿಗೆ, ಆಮೇಲೆ ಬೆಟಗೇರಿಗೆ ಮಾಡಿದೆ. ಅವ್ವ ಆಗಲೇ ಟೀವಿ ನೋಡಿದ್ದಳು. ಅಳಲಿಲ್ಲ. "ಊಟ ಆತೇನು?" ಅಂದಳು. "ಶಟರ್ ಪೂರ್ತಿ ಹಾಕ್ಯಾರೇನು ಕೇಳು" ಅಂದಳು. ರಾತ್ರಿಯಿಡೀ ಸೈರನ್. ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಹೋದರು ಅನ್ನುವ ಸುದ್ದಿ ಅಲ್ಲೇ ಕೂತು ಕೇಳಿದ್ದು.

ಬೆಳಿಗ್ಗೆ ಮತ್ತೆ ಲೋಕಲ್ ಓಡಿತು. ಮುಂಬೈ ಜನ ಎಷ್ಟು ಗಟ್ಟಿ ಅಂತ ಟೀವಿಯವರು ಹೊಗಳಿದರು. ನಾನು ಒಪ್ಪುವುದಿಲ್ಲ. ಹೋಗದಿದ್ದರೆ ಸಂಬಳ ಕಟ್ ಆಗುತ್ತಿತ್ತು, ಅದಕ್ಕೆ ಹೋಗುತ್ತಿದ್ದರು, ಅಷ್ಟೇ. ನವೆಂಬರ್ 28ಕ್ಕೆ ಸಿಎಸ್‌ಟಿಯಲ್ಲಿ ಮತ್ತೆ ಗುಂಡು ಅಂತ ಸುಳ್ಳು ಸುದ್ದಿ ಹಬ್ಬಿದಾಗ ಅದೇ ಗಟ್ಟಿ ಜನ ಹೇಗೆ ನಡುಗಿದರು ಅಂತ ನನಗೆ ಗೊತ್ತು. 29ರ ಬೆಳಿಗ್ಗೆ ತಾಜ್‌ನಲ್ಲಿ ಎಲ್ಲ ಮುಗಿಯಿತು. ನನಗೆ ಮುಗಿಯಲಿಲ್ಲ. ವರ್ಷಗಟ್ಟಲೆ ಮದುವೆ ಮೆರವಣಿಗೆಯ ಸರ ಪಟಾಕಿಗೆ ಬೆವರುತ್ತಿದ್ದೆ. ಈಗಲೂ ದೀಪಾವಳಿಯಲ್ಲಿ ಒಳಗಿನ ಕೋಣೆಯಲ್ಲೇ ಇರುತ್ತೇನೆ.

ಒಟ್ಟು 166 ಜನ ಸತ್ತರು. ಅದರಲ್ಲಿ 50ಕ್ಕೂ ಜಾಸ್ತಿ ಜನ ಸಿಎಸ್‌ಟಿಯಲ್ಲಿ. ಒಂದೇ ಜಾಗದಲ್ಲಿ ಅತಿ ಹೆಚ್ಚು ಸಾವು ಆದದ್ದು ಅಲ್ಲೇ. ದೂರದ ಗಾಡಿಗಳ ಆ ಹಾಲ್ ಪಕ್ಕದಲ್ಲೇ ನಾನು ದಿನಾ ಹೋಗುತ್ತಿದ್ದೆ. ಟ್ರಂಕು, ಗೋಣಿಚೀಲ, ನೆಲದ ಮೇಲೆ ಚಾದರ ಹಾಸಿ ಮಲಗಿದ ಮಕ್ಕಳು. ಗೋವಾಕ್ಕೆ ದುಡಿಯಲು ಹೋಗುವ ನಮ್ಮ ಕಡೆಯವರು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ಕೂತಿರುತ್ತಾರಲ್ಲ, ಅಂಥವರೇ. ಅಲ್ಲಿ ಗುಂಡು ಹಾರಿಸಿದವರು ಸ್ವಲ್ಪ ಹೊತ್ತಿಗೆ ಹೊರಟುಹೋದರು. ಆಮೇಲೆ ಕ್ಯಾಮೆರಾಗಳೆಲ್ಲ ಮೂರು ದಿನ ಹೋಟೆಲುಗಳ ಮುಂದೆ ನಿಂತವು.

ದೇವಿಕಾ ರೋಟಾವನ್ ಹೆಸರು ಕೇಳಿದ್ದೀರಾ? ಅವತ್ತು 9 ವರ್ಷದ ಹುಡುಗಿ. ಅಪ್ಪ, ತಮ್ಮನ ಜೊತೆ ಪುಣೆಗೆ ಹೋಗುವ ಗಾಡಿಗೆ ಕಾಯುತ್ತಿದ್ದಳು. ಕಾಲಿಗೆ ಗುಂಡು ಬಿತ್ತು. ಮರುವರ್ಷ ಊರುಗೋಲು ಹಿಡಿದು ಕೋರ್ಟಿಗೆ ಬಂದು ಗುಂಡು ಹಾರಿಸಿದವರಲ್ಲಿ ಜೀವಂತ ಸಿಕ್ಕಿಬಿದ್ದ ಕಸಬ್‌ನನ್ನು ಇವನೇ ಅಂತ ತೋರಿಸಿದಳು. 2012ರ ನವೆಂಬರ್ 21ಕ್ಕೆ ಯೆರವಡಾ ಜೈಲಿನಲ್ಲಿ ಅವನಿಗೆ ಗಲ್ಲಾಯಿತು. ಆದರೆ ಆ ಹುಡುಗಿ ಒಂದು ಮನೆಗಾಗಿ ಹೈಕೋರ್ಟಿನ ತನಕ ಹೋಗಬೇಕಾಯಿತು. ಇದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಎದುರು ಮನೆಯ ಅಕ್ಕನಿಗೆ ಇಷ್ಟನ್ನೂ ಕೂರಿಸಿಕೊಂಡು ಹೇಳಿದೆ. ಅವರ ಅಣ್ಣನ ಮಗ ಮುಂಬೈ ಗಾಡಿಗಳಲ್ಲೇ ಓಡಾಡುವವನು. ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಕಡೇ ಮಂದಿನೂ ಇದ್ರೇನ್ರೀ ಅಲ್ಲಿ?" ಅಂದರು. ಗದಗ, ಹಾವೇರಿ, ಹುಬ್ಬಳ್ಳಿ ಕಡೆಯ ಯಾರಾದರೂ ಆ ರಾತ್ರಿ ಆ ಹಾಲ್‌ನಲ್ಲಿ ಇದ್ದಿದ್ದರೆ ದಯವಿಟ್ಟು ನನಗೆ ತಿಳಿಸಿ. ನಾನೇ ನಿಮ್ಮ ಊರಿಗೆ ಬಂದು ಮಾತಾಡಿಸುತ್ತೇನೆ.