ಮೂರು ಪೆನಾಲ್ಟಿ ಮಿಸ್ ಮಾಡಿದ ಆಸಾಮಿ

ಯಾರಾದರೂ ಪೆನಾಲ್ಟಿ ಮಿಸ್ ಮಾಡಿ ಬೈಸಿಕೊಂಡಾಗ ನನಗೆ ಮಾರ್ಟಿನ್ ಪಲೆರ್ಮೊ ನೆನಪಾಗ್ತಾನೆ. 1999ರ ಕೋಪಾ ಅಮೆರಿಕಾ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಫುಟ್‌ಬಾಲ್ ಟೂರ್ನಿ, ಕೊಲಂಬಿಯಾ ಎದುರಿನ ಪಂದ್ಯ. ಅರ್ಜೆಂಟೀನಾದ ಈ ಸ್ಟ್ರೈಕರ್‌ಗೆ ಒಂದೇ ಆಟದಲ್ಲಿ ಮೂರು ಪೆನಾಲ್ಟಿ ಸಿಕ್ಕಿತು. ಒಂದು ಅಡ್ಡಪಟ್ಟಿಗೆ ಬಡಿಯಿತು, ಇನ್ನೊಂದು ಅದರ ಮೇಲಿಂದ ಹಾರಿಹೋಯ್ತು, ಮೂರನೆಯದನ್ನು ಗೋಲ್‌ಕೀಪರ್ ತಡೆದ. ತಂಡ 0-3ರಲ್ಲಿ ಸೋತಿತು. ಎರಡು ಹಾಳಾದ ಮೇಲೂ ಮೂರನೆಯದಕ್ಕೆ ತಾನೇ ಹೋದನಲ್ಲ, ಅದಕ್ಕೆ ಏನನ್ನಬೇಕೋ! ಅಲ್ಲಿನ ಜನ ಅವನನ್ನು ಹುಚ್ಚ ಅಂತಲೇ ಕರೆಯುತ್ತಿದ್ದರು, ಅದೂ ಪ್ರೀತಿಯಿಂದ.

ಮರುವರ್ಷ ಟೋಕಿಯೊದಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಎದುರು ಆರು ನಿಮಿಷದೊಳಗೆ ಎರಡು ಗೋಲು ಹೊಡೆದು ತನ್ನ ಕ್ಲಬ್, ಅರ್ಜೆಂಟೀನಾದ ಬೊಕಾ ಜೂನಿಯರ್ಸ್‌ಗೆ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದುಕೊಟ್ಟ. 2001ರಲ್ಲಿ ಸ್ಪೇನ್‌ನಲ್ಲಿ ಗೋಲಿನ ಖುಷಿಗೆ ಅಭಿಮಾನಿಗಳ ಕಡೆ ಓಡಿದ, ಗೋಡೆ ಕುಸಿದು ಕಾಲು ಮುರಿಯಿತು. ಇಂಥದ್ದೆಲ್ಲ ಇವನಿಗೇ ಆಗಬೇಕಾ? 2009ರಲ್ಲಿ ಅರ್ಜೆಂಟೀನಾ ಪರ ಪೆರು ಎದುರು ಸುರಿವ ಮಳೆಯಲ್ಲಿ, ಕೊನೇ ಗಳಿಗೆಯಲ್ಲಿ ಗೋಲು ಹೊಡೆದಾಗ ಕೋಚ್ ಮರಡೋನಾ ಒದ್ದೆ ಹುಲ್ಲಿನ ಮೇಲೆ ಹೊಟ್ಟೆ ಹಾಕಿ ಜಾರಿದ್ದ. ಮುಂದಿನ ವರ್ಷ, 36ರ ವಯಸ್ಸಲ್ಲಿ, ವಿಶ್ವಕಪ್‌ನಲ್ಲಿ ಗ್ರೀಸ್ ಎದುರು ಬದಲಿ ಆಟಗಾರನಾಗಿ ಬಂದು ಅಲ್ಲೂ ಒಂದು ಗೋಲು.

ಬೊಕಾ ಪರ 236 ಗೋಲು ಹೊಡೆದು 2011ರಲ್ಲಿ ನಿವೃತ್ತನಾದ. ಕ್ಲಬ್‌ನ ಇತಿಹಾಸದಲ್ಲೇ ಅಷ್ಟು ಯಾರೂ ಹೊಡೆದಿಲ್ಲ. ಮ್ಯಾನೇಜರ್ ಆದ ಮೇಲಿನ ದಾರಿ ಮಾತ್ರ ನಿಧಾನ. ಅರ್ಜೆಂಟೀನಾ, ಚಿಲಿ, ಮೆಕ್ಸಿಕೊ ಅಂತ ಊರೂರು ಸುತ್ತಿದ. 2023ರಲ್ಲಿ ಅರ್ಜೆಂಟೀನಾದ ಪ್ಲಾಟೆನ್ಸೆ ಅನ್ನೋ ಸಣ್ಣ ತಂಡವನ್ನು ಅಲ್ಲಿನ ಲೀಗ್ ಕಪ್‌ನ ಫೈನಲ್‌ವರೆಗೆ ತಂದು ಸೋತ. 2024ರಲ್ಲಿ ಪರಾಗ್ವೆಯ ಒಲಿಂಪಿಯಾ ಜೊತೆ ಕೊನೆಗೂ ಲೀಗ್ ಗೆದ್ದ. ಆ ಮೂರು ಪೆನಾಲ್ಟಿ ನಡೆದದ್ದೂ ಪರಾಗ್ವೆಯಲ್ಲೇ, ನೋಡಿ.